ನಮ್ಮ ಮುರಕಲ್ಲಲ್ಲಿ ನಿಕ್ಕಲ್ ಉಂಟಾ? ಇದ್ರೆ ತೆಗೀಬಹುದಾ?

ಪ್ರಶ್ನೆ: ಸರ್, ಮೂಡಬಿದ್ರೆ ಹತ್ರ ನಮ್ದೊಂದು ಸಣ್ಣ ಕೆಂಪು ಕಲ್ಲಿನ ಕೋರೆ ಉಂಟು, ಅಪ್ಪನ ಕಾಲದ್ದು. ಈಗ ಒಬ್ರು ಬಂದು ಮುರಕಲ್ಲು ಅಂದ್ರೆ ಲ್ಯಾಟರೈಟ್, ಲ್ಯಾಟರೈಟ್ ಅಂದ್ರೆ ನಿಕ್ಕಲ್, ಬ್ಯಾಟರಿ ಕಂಪೆನಿಯವರು ಕ್ಯೂ ನಿಲ್ತಾರೆ, ಹೊಳೆ ಬದಿಯ ಹಳೇ ಹಂಚಿನ ಕಾರ್ಖಾನೆ ಶೆಡ್ಡಲ್ಲಿ ಆಸಿಡ್ ಟ್ಯಾಂಕ್ ಇಟ್ರೆ ಸಾಕು, ಪಾರ್ಟ್ನರ್ ಆಗಿ ಅಂತಿದ್ದಾರೆ. ಕಲ್ಲಿಗೆ ಎಕ್ಸ್‌ರೇ ಗನ್ ಹಿಡಿದು ರಿಪೋರ್ಟ್ ಕೂಡ ಕೊಟ್ಟಿದ್ದಾರೆ: ಕಬ್ಬಿಣ 27%, ನಿಕ್ಕಲ್ 0.02%, ಕೋಬಾಲ್ಟ್ 0.09%. ಲೋ ಗ್ರೇಡ್ ಅದಿರಿನಿಂದ ನಿಕ್ಕಲ್ ತೆಗೆಯುವ ಕ್ರಮ ಎಂತದು, ನಮ್ಮಲ್ಲಿ ಆಗ್ತದಾ? ಕೆಳಗಿನ ಶೇಡಿ ಮಣ್ಣಲ್ಲಿ ಜಾಸ್ತಿ ಇರ್ಬಹುದಾ? ಪಿಯುಸಿ ಓದುವ ಮಗಳು ಮನೆಯಲ್ಲೇ ಟೆಸ್ಟ್ ಮಾಡ್ತೇನೆ ಅಂತಾಳೆ, ಅಂಥದ್ದೇನಾದ್ರೂ ಉಂಟಾ?

ಉತ್ತರ: ಮೊದಲು ದುಡ್ಡಿನ ವಿಷಯ ಹೇಳಿಬಿಡ್ತೇನೆ, ಪಾಠ ಮತ್ತೆ. ಪಾರ್ಟ್ನರ್ ಆಗ್ಬೇಡಿ, ಅಡ್ವಾನ್ಸ್ ಅಂತ ಒಂದು ಪೈಸೆ ಬಿಚ್ಬೇಡಿ. ಆಸಿಡ್ ಟ್ಯಾಂಕಂತೂ ಬೇಡವೇ ಬೇಡ ಮಾರಾಯ್ರೇ.

ಬಂದವರು ಹೇಳಿದ್ದು ಪೂರಾ ಸುಳ್ಳಲ್ಲ, ಅರ್ಧ ಸತ್ಯ, ಮಂಡೆ ಬಿಸಿ ಆಗುದು ಅಲ್ಲೇ. ನೆಲದ ಮೇಲೆ ಗೊತ್ತಿರುವ ನಿಕ್ಕಲ್ ನಿಕ್ಷೇಪದಲ್ಲಿ ಅರ್ಧಕ್ಕಿಂತ ಜಾಸ್ತಿ ಲ್ಯಾಟರೈಟಲ್ಲೇ ಇರುದು, ಇಂಡೋನೇಷ್ಯಾ ಫಿಲಿಪೈನ್ಸ್ ಕ್ಯೂಬಾ ನ್ಯೂ ಕ್ಯಾಲೆಡೋನಿಯಾ ಎಲ್ಲ ಅದೇ. ಆದರೆ ಅದನ್ನು ತಿರುಗಿಸಿ ಲ್ಯಾಟರೈಟ್ ಇದ್ದಲ್ಲೆಲ್ಲ ನಿಕ್ಕಲ್ ಅಂದ್ರೆ ಹೇಗೆ, ನೀರು ಇದ್ದಲ್ಲೆಲ್ಲ ಅಂಜಲ್ ಮೀನು ಸಿಗ್ತದಾ? ಲ್ಯಾಟರೈಟ್ ಅನ್ನುದು ಒಂದು ಕಲ್ಲಿನ ಹೆಸರೇ ಅಲ್ಲ ಅಂತ ಇಟ್ಕೊಳ್ಳಿ, ಅದು ಒಂದು ಅವಸ್ಥೆಯ ಹೆಸರು. 1800-01ರಲ್ಲಿ ಮೈಸೂರು ಕೆನರಾ ಮಲಬಾರ್ ಎಲ್ಲ ಸುತ್ತಿದ ಬುಕಾನನ್ ಸಾಹೇಬ ಕೇರಳದ ಅಂಗಡಿಪುರಂ ಹತ್ರ ಜನ ನಮ್ಮ ಹಾಗೇ ಕೆಂಪು ಕಲ್ಲು ಕಡಿದು ಗೋಡೆ ಕಟ್ಟುದು ನೋಡಿದ, ಮೆತ್ತಗಿರುವಾಗ ಕಡೀತಾರೆ, ಗಾಳಿಗೆ ಇಟ್ರೆ ಗಟ್ಟಿ ಆಗ್ತದೆ, ಇದು ಇಟ್ಟಿಗೆಯೇ ಅಂತ ಹೇಳಿ ಇಟ್ಟಿಗೆಯ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಅಂತ ಹೆಸರಿಟ್ಟ. ಒಳಗೆ ಎಂತ ಉಂಟು ಅಂತ ಆ ಹೆಸರು ಹೇಳುದಿಲ್ಲ.

ಒಳಗೆ ಎಂತ ಉಂಟು ಅಂತ ಹೇಳುದು ತಾಯಿ ಕಲ್ಲು. ಲಕ್ಷಗಟ್ಟಲೆ ವರ್ಷ ಮಳೆ ಬಿದ್ದು ಬಿದ್ದು ಕರಗುವಂಥದ್ದೆಲ್ಲ ಕರಗಿ ಹೋಗಿ ಉಳಿದ ಕೆಂಪು ಹಠಮಾರಿ ಭಾಗವೇ ಲ್ಯಾಟರೈಟ್. ನಮ್ಮ ಕರಾವಳಿಯಲ್ಲಿ ತಾಯಿ ಕಲ್ಲು ಹೆಚ್ಚಾಗಿ ನೈಸ್, ಗ್ರಾನೈಟ್ ಜಾತಿಯವು, ಅದರಲ್ಲಿ ನಿಕ್ಕಲ್ ಇರುವುದು ಹತ್ತು ಲಕ್ಷದಲ್ಲಿ ಕೆಲವೇ ಹತ್ತು ಪಾಲು. ಇಂಡೋನೇಷ್ಯಾದ ಸುಲಾವೆಸಿಯಲ್ಲೋ ಕ್ಯೂಬಾದಲ್ಲೋ ತಾಯಿ ಕಲ್ಲು ಪೆರಿಡೊಟೈಟ್, ಅಂದ್ರೆ ಭೂಮಿಯ ಹೊಟ್ಟೆಯಿಂದ ಮೇಲೆ ಬಂದ ಕಡು ಹಸಿರು ಕಲ್ಲು, ಅದರ ಆಲಿವೀನ್ ಹರಳಲ್ಲಿ ಸುರುವಿಗೇ 0.2-0.3% ನಿಕ್ಕಲ್ ಉಂಟು. ಅದರ ಮೇಲೆ ಮಳೆ ಬಿದ್ದಾಗ ಮೆಗ್ನೀಸಿಯಂ, ಸಿಲಿಕಾ ತೊಳೆದು ಹೋಗ್ತದೆ, ನಿಕ್ಕಲ್ ಉಳಿದು ಐದು ಪಟ್ಟು ಹತ್ತು ಪಟ್ಟು ದಪ್ಪ ಆಗ್ತದೆ, 1%, 2%, ಒಳ್ಳೆ ಜಾಗದಲ್ಲಿ ಅದಕ್ಕೂ ಮೇಲೆ. ಮಳೆ ಇಬ್ಬರಿಗೂ ಒಂದೇ, ಮಾಡಿದ ಕೆಲಸವೂ ಒಂದೇ, ಆದರೆ ಅಡುಗೆಗೆ ಹಾಕಿದ ಸಾಮಾನು ಬೇರೆ.

ನಿಮ್ಮ ಶೇಡಿ ಮಣ್ಣಿನ ಪ್ರಶ್ನೆ ನನಗೆ ಭಯಂಕರ ಇಷ್ಟ ಆಯ್ತು, ಯಾಕಂದ್ರೆ ನಿಕ್ಕಲ್ ದೇಶಗಳಲ್ಲಿ ಅದು ಸರಿಯಾದ ಪ್ರಶ್ನೆ. ಅಲ್ಲಿ ಮೇಲಿನ ಹಳದಿ-ಕೆಂಪು ಪದರ ಲಿಮೊನೈಟ್, ಕಬ್ಬಿಣ 40-50%, ನಿಕ್ಕಲ್ 1% ಆಸುಪಾಸು. ಕೆಳಗಿನ ಅರ್ಧ ಕೊಳೆತ ಕಲ್ಲಿನ ಪದರ ಸಾಪ್ರೊಲೈಟ್, ಮೇಲಿಂದ ಇಳಿದು ಬಂದ ನಿಕ್ಕಲ್ ಅಲ್ಲಿ ಕೂತು 2% ಅದಕ್ಕೂ ಮೇಲೆ ಹೋಗ್ತದೆ, ಕೆಲವು ಕಡೆ ಪಾಚಿ ಬಣ್ಣದ ಗಾರ್ನಿಯರೈಟ್ ಅಂತ ಕಣ್ಣಿಗೇ ಕಾಣ್ತದೆ. ನಿಮ್ಮ ಕೋರೆಯ ಕೆಳಗಿನ ಶೇಡಿ ಹಾಗಲ್ಲ. ಅದು ನೈಸಿನ ಫೆಲ್ಡ್‌ಸ್ಪಾರ್ ಕೊಳೆತು ಆದ ಬಿಳಿ-ಗುಲಾಬಿ ಜೇಡಿ, ಕೆಯೊಲಿನ್. ಮಳೆಗಾಲದಲ್ಲಿ ಗುಡ್ಡೆ ಜರಿಯುವಾಗ ಜಾರಿ ಬರ್ತದಲ್ಲ, ಅದೇ. ಮೇಲೆ ಇಲ್ಲದ್ದು ಕೆಳಗೆ ಇಳಿಯುದು ಎಲ್ಲಿಂದ?

ಇನ್ನು ರಿಪೋರ್ಟು. ಅದರಲ್ಲಿ ನಾನು ಮೊದಲು ನೋಡಿದ್ದು ನಿಕ್ಕಲ್ ಅಲ್ಲ, ಕೋಬಾಲ್ಟ್. ನಿಕ್ಕಲ್ ಲ್ಯಾಟರೈಟಲ್ಲಿ ಕೋಬಾಲ್ಟ್ ಇರುದು ನಿಕ್ಕಲಿನ ಹತ್ತನೇ ಒಂದು ಪಾಲಿನಷ್ಟು, ನಿಮ್ಮದ್ರಲ್ಲಿ ನಿಕ್ಕಲಿಗಿಂತ ನಾಲ್ಕು ಪಟ್ಟು ಜಾಸ್ತಿ! ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಗನ್ ಕಲ್ಲಿಗೆ ಎಕ್ಸ್‌ರೇ ಬಿಟ್ಟು ವಾಪಸ್ ಬರುವ ಎಕ್ಸ್‌ರೇಯ ಶಕ್ತಿ ಅಳೆದು ಯಾವ ಧಾತು ಅಂತ ಹೇಳುದು. ಕೋಬಾಲ್ಟಿನ ಮುಖ್ಯ ಗೆರೆ 6.93 ಕಿಲೋ ಎಲೆಕ್ಟ್ರಾನ್ ವೋಲ್ಟ್, ಕಬ್ಬಿಣದ ಎರಡನೇ ಗೆರೆ 7.06, ಮೈಗೆ ಮೈ ತಾಗಿಸಿ ನಿಂತ ಹಾಗೆ. ಕಲ್ಲಲ್ಲಿ ಕಬ್ಬಿಣ 27% ಇದ್ದಾಗ ಆ ಕಬ್ಬಿಣದ ನೆರಳೇ ಕೋಬಾಲ್ಟಿನ ಲೆಕ್ಕಕ್ಕೆ ಬಿದ್ದು ಇಲ್ಲದ ಕೋಬಾಲ್ಟ್ ಕಾಣ್ತದೆ. ಗನ್ ಕೆಟ್ಟದ್ದು ಅಂತಲ್ಲ, ನಾನೂ ವರ್ಷಗಟ್ಟಲೆ ಸೊಂಟಕ್ಕೆ ಕಟ್ಟಿ ತಿರುಗಿದವನೇ, ಆದರೆ ಕೆಂಪು ಮಣ್ಣಿನ ಮೇಲೆ ಅದು ಹೇಳುವ ಕೋಬಾಲ್ಟನ್ನು ನಂಬಿ ಯಾರೂ ವ್ಯಾಪಾರ ಮಾಡುದಿಲ್ಲ. ಸರಿ ಗೊತ್ತಾಗ್ಬೇಕಂದ್ರೆ ಕಲ್ಲನ್ನು ಪುಡಿ ಮಾಡಿ, ಆಸಿಡಲ್ಲಿ ಪೂರ್ತಿ ಕರಗಿಸಿ, ಯಾವ ಧಾತು ಎಷ್ಟು ಉಂಟು ಅಂತ ಅಳೆಯುವ ಐಸಿಪಿ ಮೆಷಿನಲ್ಲಿ ನೋಡ್ಬೇಕು.

ನಿಕ್ಕಲ್ 0.02% ಅನ್ನುದನ್ನು ನಿಜ ಅಂತಲೇ ಇಟ್ಟುಕೊಳ್ಳುವ. ಲೋ ಗ್ರೇಡ್ ಅಂತ ಈ ಲೈನಿನವರು ಹೇಳುವುದು 1% ಅಥವಾ ಸ್ವಲ್ಪ ಕೆಳಗಿನದ್ದಕ್ಕೆ, 0.6-0.8 ಅಂದ್ರೆ ಮೂಗು ಮುರೀತಾರೆ, ನಿಮ್ಮದು ಅದರ ಮೂವತ್ತು ನಲ್ವತ್ತನೇ ಒಂದು ಪಾಲು. ಒಂದು ಟನ್ ಕಲ್ಲಲ್ಲಿ 200 ಗ್ರಾಂ ನಿಕ್ಕಲ್. ಕಿಲೋಗೆ 1,300 ರೂಪಾಯಿ ಅಂತ ಹಿಡಿದ್ರೆ 260 ರೂಪಾಯಿ, ಅದೂ ಒಂದು ಚೂರೂ ಪೋಲಾಗದೆ ಎಲ್ಲ ಕೈಗೆ ಬಂದ್ರೆ. ಅದೇ ಟನ್ನಲ್ಲಿ ಕಬ್ಬಿಣ 270 ಕಿಲೋ, ಅಂದ್ರೆ ಒಂದು ನಿಕ್ಕಲಿಗೆ 1,350 ಕಬ್ಬಿಣ ಕಾವಲು. ಆ ಕಬ್ಬಿಣವೆಲ್ಲ ಆಸಿಡಿಗೆ ಕರಗಿದ್ರೆ ಕಬ್ಬಿಣಕ್ಕೇ 700 ಕಿಲೋ ಗಂಧಕಾಮ್ಲ ಬೇಕು, ಅಲ್ಯುಮಿನಿಯಂ ಕುಡಿಯುದು ಬೇರೆ. ಕಿಲೋಗೆ ಹತ್ತು ರೂಪಾಯಿ ಹಿಡಿದ್ರೂ 7,000 ರೂಪಾಯಿ ಆಸಿಡು 260 ರೂಪಾಯಿಯ ಮಾಲಿಗೆ. ಒಂದು ಟನ್ನಿಗೆ ಮೂವತ್ತು ಕಲ್ಲು ಬಂತು, ಕಲ್ಲಿಗೆ ನಲ್ವತ್ತು ಅಂತ ಇಟ್ರೆ 1,200 ಆಯ್ತು, ನಿಮ್ಮೂರಿನ ರೇಟು ನಿಮಗೇ ಸರಿಯಾಗಿ ಗೊತ್ತು. ಅಂದ್ರೆ ಏನೂ ಮಾಡದೆ ಕಲ್ಲನ್ನು ಕಲ್ಲಾಗಿ ಮಾರುದೇ ಲಾಭ.

ಹಾಗಾದ್ರೆ ಕಡಿಮೆ ಅಂಶದ ಅದಿರು ಎಲ್ಲವೂ ನಷ್ಟವಾ ಅಂತ ಕೇಳ್ತೀರಿ. ಅಲ್ಲ. ನಮ್ಮ ಕುದುರೆಮುಖ ನೋಡಿ, ಅಲ್ಲಿಯ ಮ್ಯಾಗ್ನೆಟೈಟ್ ಅದಿರಲ್ಲಿ ಕಬ್ಬಿಣ 38% ಹತ್ರ, ಬಳ್ಳಾರಿಯವರಿಗೆ ಅದು ಲೆಕ್ಕಕ್ಕೇ ಇಲ್ಲ. ಆದರೂ 2005ರ ಕೊನೆವರೆಗೆ ಗಣಿ ನಡೀತು. ಹೇಗೆ? ಕಲ್ಲೊಳಗೆ ಮ್ಯಾಗ್ನೆಟೈಟ್ ಬೇರೆ ಕಾಳು, ಸಿಲಿಕಾ ಬೇರೆ ಕಾಳು. ನುಣ್ಣಗೆ ಅರೆದ್ರೆ ಎರಡೂ ಬಿಡಿಸಿಕೊಳ್ತವೆ, ಮ್ಯಾಗ್ನೆಟ್ ಹಿಡಿದ್ರೆ ಒಳ್ಳೆದು ಒಂದು ಕಡೆ, ಕಸ ಇನ್ನೊಂದು ಕಡೆ, ಒಳ್ಳೆದನ್ನು ನೀರಲ್ಲಿ ಕದಡಿ 67 ಕಿಲೋಮೀಟರ್ ಪೈಪಲ್ಲಿ ಪಣಂಬೂರಿಗೆ ಇಳಿಸಿದ್ರು. ಅಕ್ಕಿಯಲ್ಲಿ ಕಲ್ಲು ಹೆಕ್ಕಿದ ಹಾಗೆ. ಲ್ಯಾಟರೈಟಿನ ನಿಕ್ಕಲ್ ಅಕ್ಕಿಯ ಕಲ್ಲಲ್ಲ, ಸಾರಿಗೆ ಹಾಕಿದ ಉಪ್ಪು. ಗೋಥೈಟ್ ಅಂತ ಕಬ್ಬಿಣದ ತುಕ್ಕಿನಂಥ ಖನಿಜ ಉಂಟಲ್ಲ, ಅದರ ಹರಳಿನೊಳಗೆ ಕಬ್ಬಿಣದ ಪರಮಾಣು ಇರ್ಬೇಕಾದ ಜಾಗದಲ್ಲಿ ಅಲ್ಲೊಂದು ಇಲ್ಲೊಂದು ನಿಕ್ಕಲ್ ಪರಮಾಣು ಕೂತಿರುದು. ಎಷ್ಟು ಅರೆದ್ರೂ ನಿಕ್ಕಲಿನ ಕಾಳು ಸಿಗುದಿಲ್ಲ, ಕಾಳೇ ಇಲ್ಲ. ಹಾಗಾಗಿ ಇಡೀ ಕಲ್ಲನ್ನು ಕರಗಿಸ್ಬೇಕು, ಇಲ್ಲ ಇಡೀ ಕಲ್ಲನ್ನು ಸುಡ್ಬೇಕು. ಖರ್ಚೆಲ್ಲ ಆಗುದು ಬೇಡದ ಕಬ್ಬಿಣ ಮೆಗ್ನೀಸಿಯಂಗಳ ಮೇಲೆ. ಈ ಒಂದು ವಿಷಯ ತಲೆಗೆ ಹೋದ್ರೆ ಮುಂದಿನ ಎಲ್ಲ ಕ್ರಮಗಳು ಯಾಕೆ ಹಾಗೆ ಅಂತ ತಾನಾಗಿ ಗೊತ್ತಾಗ್ತದೆ.

ನನಗೆ ಇದು ತಲೆಗೆ ಹೋದದ್ದು ಸುರತ್ಕಲಲ್ಲಿ ಮೆಟಲರ್ಜಿ ಓದುವಾಗ, ಪ್ರಾಜೆಕ್ಟಿಗೆ ಒಡಿಶಾದ ಸುಕಿಂದ ಕಣಿವೆಯ ಮಣ್ಣು ಒಂದು ಗೋಣಿ ಬಂದಿತ್ತು. ಅಲ್ಲಿ ಕ್ರೋಮೈಟ್, ಅಂದ್ರೆ ಕ್ರೋಮಿಯಂ ಅದಿರಿನ ಗಣಿ, ಕ್ರೋಮೈಟಿನ ಮೇಲೆ ಇರುವ ಮಣ್ಣನ್ನು ತೆಗೆದು ಗುಡ್ಡೆ ಹಾಕ್ತಾರೆ, ಆ ಮಣ್ಣಲ್ಲಿ ನಿಕ್ಕಲ್ ಉಂಟು, ನಮ್ಮ ಗೋಣಿಯಲ್ಲಿ 0.8% ಇತ್ತು. 100 ಗ್ರಾಂ ತೂಗಿ, ಗಂಧಕಾಮ್ಲದಲ್ಲಿ 95 ಡಿಗ್ರಿಯಲ್ಲಿ ಆರು ಗಂಟೆ ಕುದಿಸಿದೆ. ನಿಕ್ಕಲ್ ಸಲ್ಫೇಟ್ ಹಸಿರು ಅಂತ ಪುಸ್ತಕದಲ್ಲಿ ಓದಿದ್ದು, ಬೀಕರಲ್ಲಿ ಹಸಿರು ಕಾಣ್ಲಿಕ್ಕೆ ಕಾದು ಕೂತದ್ದೇ ಕೂತದ್ದು, ಬಂದದ್ದು ಮೂರು ಸಲ ಕಾಯಿಸಿದ ಹೋಟೆಲ್ ಚಾಯದ ಬಣ್ಣ. ಎಲ್ಲ ಕಬ್ಬಿಣ. ಹೋಗ್ಲಿ, ಕಬ್ಬಿಣವನ್ನು ಕೆಳಗೆ ಕೂರಿಸುವ ಅಂತ ಚಿಪ್ಪಿನ ಸುಣ್ಣ ಹಾಕಿದೆ, ಒಮ್ಮೆಲೇ ಹಾಕಿದೆ, ಅದು ತಪ್ಪು. ಕಂದು ಬಣ್ಣದ ಲೋಳೆ ಎದ್ದು ಬೀಕರ್ ತುಂಬಿತು, ಫಿಲ್ಟರ್ ಪೇಪರಿಗೆ ಸುರಿದ್ರೆ ತೊಟ್ಟು ತೊಟ್ಟಾಗಿ ಇಡೀ ರಾತ್ರಿ ಇಳೀತಾ ಇತ್ತು, ಬೆಳಿಗ್ಗೆ ಕೆಳಗಿನ ನೀರು ಟೆಸ್ಟ್ ಮಾಡಿದ್ರೆ ನಿಕ್ಕಲ್ ಇಲ್ಲ. ಎಲ್ಲಿ ಹೋಯ್ತು? ಆ ಲೋಳೆ ತನ್ನ ಮೈಗೆ ಅಂಟಿಸಿಕೊಂಡು ಕೂತಿತ್ತು. ಕರಗಿಸುದು ಸುಲಭ, ಕರಗಿದ ಮೇಲೆ ಬಿಡಿಸುದೇ ಕಷ್ಟ. ನಿಮ್ಮ ಶೆಡ್ಡಿನ ಟ್ಯಾಂಕಲ್ಲಿ ಆಗುದು ಇದೇ, ಬೀಕರಿನ ಬದಲು ಟನ್ ಲೆಕ್ಕದಲ್ಲಿ.

ದೊಡ್ಡವರು ಹೇಗೆ ಮಾಡ್ತಾರೆ ನೋಡುವ. ಸುಡುವ ದಾರಿ ಹಳೆಯದು. ಹಸಿ ಅದಿರಲ್ಲಿ ನೀರೇ ಮೂರನೇ ಒಂದು ಪಾಲು, ಅದನ್ನು ಒಣಗಿಸಿ, ತಿರುಗುವ ಉದ್ದದ ಗೂಡಲ್ಲಿ 800-900 ಡಿಗ್ರಿಗೆ ಕಾಯಿಸಿ, ಅಂದ್ರೆ ಹೆಚ್ಚುಕಮ್ಮಿ ನಮ್ಮ ಹಂಚು ಸುಡುವ ಶಾಖ, ಆಮೇಲೆ ಕರೆಂಟಿನ ಕುಲುಮೆಯಲ್ಲಿ 1,500 ಡಿಗ್ರಿ ದಾಟಿಸಿ ಕರಗಿಸಿದ್ರೆ ಕಬ್ಬಿಣ-ನಿಕ್ಕಲ್ ಬೆರೆತ ಲೋಹ ಕೆಳಗೆ ಇಳೀತದೆ, ಸ್ಟೇನ್‌ಲೆಸ್ ಸ್ಟೀಲಿನವರು ಹಾಗೇ ತಗೊಳ್ತಾರೆ. ಒಂದು ಟನ್ ಒಣ ಅದಿರಿಗೆ 500-600 ಯೂನಿಟ್ ಕರೆಂಟ್, ಒಂದು ಮನೆಗೆ ನಾಲ್ಕೈದು ತಿಂಗಳಿನ ಮೆಸ್ಕಾಂ ಬಿಲ್ಲು ಅಂತ ಇಟ್ಕೊಳ್ಳಿ. 2% ಅದಿರಾದ್ರೆ ಅದಕ್ಕೆ 18 ಕಿಲೋ ನಿಕ್ಕಲ್ ಸಿಗ್ತದೆ, ಪರ್ವಾಗಿಲ್ಲ, 1% ಆದ್ರೆ ಅದೇ ಬಿಲ್ಲಿಗೆ ಅರ್ಧ ಮಾಲು. ಹಾಗಾಗಿ ಈ ದಾರಿ ಕೆಳಗಿನ ಪದರದ ಒಳ್ಳೆ ಅದಿರಿಗೆ. ಇಂಡೋನೇಷ್ಯಾ 2020ರ ಜನವರಿಯಿಂದ ಹಸಿ ಅದಿರು ಹೊರಗೆ ಕಳಿಸುದು ನಿಲ್ಲಿಸಿದ ಮೇಲೆ ಅಲ್ಲಿ ಇಂಥ ಕುಲುಮೆಗಳು ಸಾಲು ಸಾಲು, ಜಗತ್ತಿನಲ್ಲಿ ಅಗೆಯುವ ನಿಕ್ಕಲಲ್ಲಿ ಈಗ ಅರ್ಧಕ್ಕಿಂತ ಜಾಸ್ತಿ ಅಲ್ಲಿಯದ್ದೇ. ಮಧ್ಯದ ದಾರಿ ಒಂದಿತ್ತು, ಕ್ಯಾರನ್ ಅಂತ ಡಚ್ ಪ್ರೊಫೆಸರ್ ಕಂಡುಹಿಡಿದದ್ದು, 700 ಡಿಗ್ರಿ ಆಸುಪಾಸು ಹುರಿದು ಆಮೇಲೆ ಅಮೋನಿಯಾದಲ್ಲಿ ತೊಳೆಯುದು, ಅಮೋನಿಯಾ ನಿಕ್ಕಲನ್ನು ಎತ್ತುತ್ತದೆ ಕಬ್ಬಿಣವನ್ನು ಮುಟ್ಟುದಿಲ್ಲ. ಕೇಳ್ಲಿಕ್ಕೆ ಚಂದ, ಆದರೆ ಒಣಗಿಸುವ ಹುರಿಯುವ ಖರ್ಚೂ ಉಂಟು ತೊಳೆಯುವ ಖರ್ಚೂ ಉಂಟು, ಕಾಲು ಭಾಗ ನಿಕ್ಕಲ್ ಮಣ್ಣಲ್ಲೇ ಬಾಕಿ. ಆಸ್ಟ್ರೇಲಿಯಾದ ಯಬುಲು ಪ್ಲಾಂಟ್ 1974ರಿಂದ ನಡೆದು 2016ರಲ್ಲಿ ಬಾಗಿಲು ಹಾಕಿತು.

ಮೇಲಿನ ಲೋ ಗ್ರೇಡ್ ಲಿಮೊನೈಟಿಗೆ ಈಗಿನ ಮದ್ದು ಅಂದ್ರೆ ಪ್ರೆಷರ್ ಆಸಿಡ್ ಲೀಚಿಂಗ್, ಒತ್ತಡದಲ್ಲಿ ಆಸಿಡ್ ಹಾಕಿ ಕರಗಿಸುದು, ಲೈನಿನವರ ಬಾಯಲ್ಲಿ ಎಚ್‌ಪಾಲ್. ನಾನು ಸುಮಾರು ವರ್ಷ ಬೆವರು ಸುರಿಸಿದ್ದು ಇದರಲ್ಲೇ. ನನ್ನ ಬೀಕರಿನ ತೊಂದರೆ ಎಂತ, ಕಬ್ಬಿಣ ಕರಗಿ ಆಸಿಡ್ ಕುಡಿದದ್ದು. ಅದನ್ನೇ 250 ಡಿಗ್ರಿಯಲ್ಲಿ ಮಾಡಿದ್ರೆ ಗಮ್ಮತ್ತು ಆಗ್ತದೆ, ಕರಗಿದ ಕಬ್ಬಿಣ ಅಲ್ಲೇ ಹೆಮಟೈಟ್ ಅನ್ನುವ ಕಬ್ಬಿಣದ ಖನಿಜ ಆಗಿ ಮತ್ತೆ ಕೆಳಗೆ ಕೂರ್ತದೆ, ತಾನು ಕುಡಿದ ಆಸಿಡನ್ನು ವಾಪಸ್ ಕಕ್ಕುತ್ತದೆ, ನಿಕ್ಕಲ್ ಮಾತ್ರ ನೀರಲ್ಲಿ ಉಳೀತದೆ. ಹಾಗಾಗಿ ಟನ್ನಿಗೆ ಸಾವಿರ ಕಿಲೋ ಮೇಲೆ ಬೇಕಾಗಿದ್ದ ಆಸಿಡ್ 250-400 ಕಿಲೋದಲ್ಲಿ ಮುಗೀತದೆ. ಆದರೆ ನೀರು 250 ಡಿಗ್ರಿಯಲ್ಲಿ ನೀರಾಗಿಯೇ ಇರ್ಬೇಕಂದ್ರೆ 40 ಪಟ್ಟು ವಾಯುಒತ್ತಡ ಬೇಕು, ಮನೆಯ ಕುಕ್ಕರ್ ಸೀಟಿ ಹೊಡೆಯುವಾಗ ಒಳಗೆ ಇರುದು ಎರಡು ಪಟ್ಟು. ಆ ಒತ್ತಡದಲ್ಲಿ ಬಿಸಿ ಆಸಿಡು, ಮಣ್ಣಿನ ಕೆಸರು, ಹಾಗಾಗಿ ಬಸ್ಸಿಗಿಂತ ಎಷ್ಟೋ ಉದ್ದದ ಉಕ್ಕಿನ ಡ್ರಮ್ಮಿಗೆ ಒಳಗಿನಿಂದ ಟೈಟಾನಿಯಂ ಹೊದಿಕೆ. ಬಚ್ಚಲು ಹಂಡೆಗೆ ಬಿಳಿ ಪದರ ಕಟ್ಟುತ್ತದಲ್ಲ, ಹಾಗೇ ಇದಕ್ಕೂ ಒಳಗೆ ಕಲ್ಲಿನ ಹಾಗೆ ಪದರ ಕಟ್ಟುತ್ತದೆ, ಆಗಾಗ ನಿಲ್ಲಿಸಿ ತಣಿಸಿ ಒಡೆದು ತೆಗೀಬೇಕು. ಒಮ್ಮೆ ನಾವು ಆರ್ಡರ್ ಅರ್ಜೆಂಟ್ ಅಂತ ಹೇಳಿ ಅದನ್ನು ಎರಡು ವಾರ ಮುಂದೆ ಹಾಕಿದೆವು, ಪದರದ ಒಂದು ತುಂಡು ಕಿತ್ತು ಬಂದು ಹೊರಗೆ ಬಿಡುವ ವಾಲ್ವಿಗೆ ಸಿಕ್ಕಿತು, ಕೆಸರು ಸಂದಿಯಲ್ಲಿ ನುಗ್ಗಿ ನುಗ್ಗಿ ಬೆರಳು ದಪ್ಪದ ಲೋಹವನ್ನು ಒಂದು ಶಿಫ್ಟಿನೊಳಗೆ ತಿಂದು ಹಾಕಿತು. ಯಾರಿಗೂ ಏನೂ ಆಗಲಿಲ್ಲ, ಪುಣ್ಯ. ಪ್ಲಾಂಟ್ ಹತ್ತೊಂಬತ್ತು ದಿನ ಬಂದ್, ಬೈಗುಳ ತಿಂದದ್ದು ನಾನು.

ಇದು ಹೊಸ ವಿದ್ಯೆ ಅಂತ ಅಂದ್ಕೊಳ್ಬೇಡಿ, ಕ್ಯೂಬಾದ ಮೋವಾದಲ್ಲಿ 1959ರಲ್ಲೇ ಸುರು. ಆದರೂ ಕೈ ಸುಟ್ಟುಕೊಂಡವರೇ ಜಾಸ್ತಿ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ 1990ರ ದಶಕದ ಕೊನೆಗೆ ಮೂರು ಪ್ಲಾಂಟ್ ಒಟ್ಟಿಗೆ ಎದ್ದವು, ಮರ್ರಿನ್ ಮರ್ರಿನ್ ಮಾತ್ರ ಏಗಿ ಏಗಿ ಉಳೀತು, ಬುಲಾಂಗ್, ಕಾಸ್ ಎರಡೂ ಮುಚ್ಚಿದವು. ಬಿಎಚ್‌ಪಿಯಂಥ ದೈತ್ಯ ಕಂಪೆನಿ ರೇವನ್ಸ್‌ಥಾರ್ಪಲ್ಲಿ ಎರಡು ಬಿಲಿಯ ಡಾಲರಿಗೂ ಮೇಲೆ ಸುರಿದು 2008ರಲ್ಲಿ ಓಪನ್ ಮಾಡಿ 2009ರ ಜನವರಿಯಲ್ಲಿ ನಿಲ್ಲಿಸಿತು, ಆಮೇಲೆ ಬೇರೆಯವರಿಗೆ ಮಾರಿತು. ಅಂಥವರ ಕೈಯಲ್ಲೇ ಆಗದ್ದನ್ನು ನಿಮ್ಮ ಗೆಳೆಯರು ಹಂಚಿನ ಶೆಡ್ಡಲ್ಲಿ ಮಾಡ್ತಾರಂತೆ!

ಆಸಿಡನ್ನು ರಾಶಿಯ ಮೇಲೆ ಚಿಮುಕಿಸಿ ಬಿಡುವ ಹೀಪ್ ಲೀಚಿಂಗ್ ಅಂತ ಕಡಿಮೆ ಖರ್ಚಿನ ದಾರಿಯೂ ಉಂಟು, ತಿಂಗಳುಗಟ್ಟಲೆ ಹಿಡೀತದೆ, ಒಣ ಊರಿಗೆ ಸರಿ. ವರ್ಷಕ್ಕೆ ಮೂರೂವರೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುವ ನಮ್ಮಲ್ಲಿ ಜೂನ್ ಹತ್ತಕ್ಕೆ ಆಸಿಡು, ನಿಕ್ಕಲು, ರಾಶಿ ಎಲ್ಲ ಒಟ್ಟಿಗೆ ಹೊಳೆಗೆ. ಬ್ಯಾಕ್ಟೀರಿಯಾ, ಬೂಸ್ಟು ಹಾಕಿ ತೆಗೆಯುದೂ ಉಂಟು, ಆಸ್ಪರ್ಜಿಲಸ್ ನೈಜರ್ ಅಂತ ಕಪ್ಪು ಬೂಸ್ಟು ಸಕ್ಕರೆ ತಿಂದು ಸಿಟ್ರಿಕ್, ಆಕ್ಸಾಲಿಕ್ ಆಸಿಡ್ ಬಿಡ್ತದೆ, ಅದು ನಿಕ್ಕಲನ್ನು ಎತ್ತುತ್ತದೆ, ಲ್ಯಾಬಲ್ಲಿ ಚಂದ, ಟನ್ ಲೆಕ್ಕಕ್ಕೆ ಸಕ್ಕರೆ ಕೊಡುದು ಯಾರು? ಇದೆಲ್ಲಕ್ಕಿಂತ ನನಗೆ ಖುಷಿ ಕೊಡುದು ಗಿಡಗಳು. ಮಲೇಷ್ಯಾದ ಸಬಾದಲ್ಲಿ ನಿಕ್ಕಲ್ ಮಣ್ಣಲ್ಲಿ ಬೆಳೆಯುವ ಒಂದು ಪೊದೆ ಉಂಟು, ಫಿಲಾಂತಸ್ ಕುಲದ್ದು, ಅಂದ್ರೆ ನಮ್ಮ ನೆಲ್ಲಿಕಾಯಿಯ ದಾಯಾದಿ. ಒಣ ಎಲೆಯಲ್ಲಿ 1% ಮೇಲೆ ನಿಕ್ಕಲ್! ಗೆಲ್ಲು ಕತ್ತರಿಸಿ ಸುಟ್ಟರೆ ಬೂದಿಯೇ ಒಳ್ಳೆ ಅದಿರು, ಅದರಲ್ಲಿ ಕಬ್ಬಿಣದ ಕಾಟ ಇಲ್ಲ, ಬೇರು ಅದನ್ನು ಕೆಳಗೇ ಬಿಟ್ಟು ಬಂದಿರ್ತದೆ. ನಾವು 40 ಪಟ್ಟು ಒತ್ತಡ ಹಾಕಿ ಮಾಡುದನ್ನು ಅದು ಬಿಸಿಲಲ್ಲಿ ನಿಂತು ಮಾಡ್ತದೆ. ಅದನ್ನು ತಂದು ನಿಮ್ಮ ಕೋರೆ ಬದಿ ನೆಟ್ಟರೆ? ಮಣ್ಣಲ್ಲಿ ಇಲ್ಲದ್ದನ್ನು ಗಿಡ ಎಲ್ಲಿಂದ ತರ್ಬೇಕು ಹೇಳಿ.

ಟ್ಯಾಂಕಿನ ವಿಷಯ ಇನ್ನೊಂದೇ ಮಾತು. ಕಲ್ಲು ಕರಗಿಸಿ ಸುಣ್ಣ ಹಾಕಿದ ಮೇಲೆ ಉಳಿಯುವ ಕೆಸರು ಹಾಕಿದ ಕಲ್ಲಿಗಿಂತ ಜಾಸ್ತಿ ತೂಕ ಇರ್ತದೆ, ಜಿಪ್ಸಂ ಸೇರ್ತದಲ್ಲ ಹಾಗೆ. ಅದು ಒಣಗುದೂ ಇಲ್ಲ, ಗಟ್ಟಿ ಕೂರುದೂ ಇಲ್ಲ. ಶೆಡ್ಡು ಹೊಳೆ ಬದಿ ಅಂತ ನೀವೇ ಬರ್ದಿದ್ದೀರಿ, ಬಾವಿಗಳು ಎಷ್ಟು ದೂರ ಅಂತ ನಾನು ಕೇಳುದಿಲ್ಲ, ನಿಮಗೇ ಗೊತ್ತುಂಟು.

ಕಡೆಗೆ ಮಗಳ ಟೆಸ್ಟು. ಉಂಟು, ಮಾಡ್ಲಿಕ್ಕೆ ಹೇಳಿ. ಡೈಮೀಥೈಲ್ ಗ್ಲೈಆಕ್ಸೈಮ್ ಅಂತ ಒಂದು ಬಿಳಿ ಪುಡಿ, ಕೆಮಿಸ್ಟ್ರಿ ಲೆಕ್ಚರರಲ್ಲಿ ಕೇಳಿದ್ರೆ ಸ್ಪಿರಿಟಲ್ಲಿ ಕರಗಿಸಿದ್ದು ಸಿಗ್ಬಹುದು. ಹತ್ತಿ ಸುತ್ತಿದ ಕಡ್ಡಿಗೆ ಅದು ಎರಡು ಹನಿ, ತೆಳು ಅಮೋನಿಯಾ ಎರಡು ಹನಿ, ಕಿಟಕಿ ತೆರೆದಿಟ್ಟು, ಗ್ಲೌಸ್ ಹಾಕಿಯೇ. ಮನೆಯಲ್ಲಿ ಹಳೇ ನಾಣ್ಯದ ಡಬ್ಬಿ ಇರ್ತದಲ್ಲ, ಅದರಲ್ಲಿ 1975ರಿಂದ 1990ರ ಒಳಗಿನ ದೊಡ್ಡ ಒಂದು ರೂಪಾಯಿ ಹುಡುಕಿ, ಅದು ತಾಮ್ರ-ನಿಕ್ಕಲಿನದ್ದು, ನಾಲ್ಕನೇ ಒಂದು ಭಾಗ ನಿಕ್ಕಲ್. ಕಡ್ಡಿಯನ್ನು ಅದರ ಮೇಲೆ ಅರ್ಧ ನಿಮಿಷ ಉಜ್ಜಿದ್ರೆ ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗ್ತದೆ. ಈಗಿನ ಸ್ಟೀಲಿನ ರೂಪಾಯಿಗೆ ತಿರುಗುದಿಲ್ಲ. ಕಲ್ಲಿಗೆ ಈ ಟೆಸ್ಟ್ ಹಾಗೇ ಆಗುದಿಲ್ಲ, ಅದನ್ನು ಮೊದಲು ಕರಗಿಸಿ, ಕಬ್ಬಿಣ ಅಡ್ಡ ಬಾರದ ಹಾಗೆ ಟಾರ್ಟಾರಿಕ್ ಆಸಿಡ್ ಹಾಕಿ ಕಟ್ಟಿ ಹಾಕ್ಬೇಕು, ಅದು ಕಾಲೇಜ್ ಲ್ಯಾಬಿನ ಕೆಲಸ. ಸುಮ್ಮನೆ ಮುರಕಲ್ಲಿನ ಮೇಲೆ ಉಜ್ಜಿದ್ರೆ ಹತ್ತಿಗೆ ಕೆಂಪು ಮಣ್ಣು ಹತ್ತುತ್ತದೆ ಅಷ್ಟೇ, ಅದನ್ನು ನೋಡಿ ಗುಲಾಬಿ ಬಂತು ಸರ್ ಅಂತ ಫೋನ್ ಮಾಡ್ಬೇಡಿ ಆಯ್ತಾ.